ಇಡೀ ಮನೆಯ ಫ್ಯಾನು

ಒಂದು ಫ್ಯಾನು ಆರಿಸಿ ಕೊಳ್ಳುವುದಕ್ಕೆ ಓದಿದ ಗಂಡಸೊಬ್ಬನಿಗೆ ಎಷ್ಟು ಕಾಲ ಬೇಕು? ನಮ್ಮ ಮೈಥಿಲಿಯ ಗಂಡ ಅನಂತಪದ್ಮನಾಭನಿಗೆ ಒಂದು ಬಸುರು, ಒಂದು ಹೆರಿಗೆ, ಅರ್ಧ ಬಾಣಂತನ ಬೇಕಾಯಿತು. ಅಷ್ಟರಲ್ಲಿ ಅವನ ಹೆಂಡತಿ ಒಂದು ಜೀವವನ್ನೇ ತಯಾರು ಮಾಡಿ ಕೈಗೆ ಕೊಟ್ಟಿದ್ದಳು.

ಮೈಥಿಲಿ ನನ್ನ ಚಿಕ್ಕಮ್ಮನ ಮಗಳು. ಚಿಕ್ಕಮ್ಮ ಅವಳ ಮದುವೆಗೆ ಮೊದಲೇ ತೀರಿಕೊಂಡಿದ್ದರಿಂದ ಬಾಣಂತನಕ್ಕೆಂದು ಧಾರವಾಡದಿಂದ ಅತ್ತೆ ಅಂಬಾಬಾಯಿ ಬಂದಿದ್ದರು. ನಾನಿದ್ದದ್ದು ಸ್ಯಾನ್ ಹೊಸೆಯ ಎವರ್‌ಗ್ರೀನ್‌ನಲ್ಲಿ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಶನಿವಾರ ಬಂತೆಂದರೆ ಸಾರಿನ ಪುಡಿ, ಮೆಂತ್ಯದ ಹಿಟ್ಟು ಕಟ್ಟಿಕೊಂಡು ಫ್ರೀವೇ ಹಿಡಿದು ವಾಲ್ನಟ್ ಕ್ರೀಕಿನ ಅವಳ ಮನೆಗೆ ಹೋಗುತ್ತಿದ್ದೆ. ಎಂಬತ್ತೈದರ ಬೇಸಿಗೆ ಅದು. ನಮ್ಮ ಸ್ಯಾನ್ ಹೊಸೆ ಕಡೆ ಸೆಕೆ ಎಂದರೆ ಅಲ್ಲಿ ಬೆಂಕಿ. ಮಧ್ಯಾಹ್ನ ಕಾರಿನ ಸ್ಟಿಯರಿಂಗು ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ಸಂಜೆಯಾದ ಮೇಲೆ ಎಲ್ಲಿಂದಲೋ ತಣ್ಣನೆಯ ಗಾಳಿ ಹೊರಟು, ಅಂಗಳದಲ್ಲಿ ನಿಂತವರು ಸ್ವೆಟರು ಹುಡುಕುವ ಹಾಗಾಗುತ್ತಿತ್ತು. ಆದರೆ ಮನೆಯೊಳಗೆ ಸೇರಿಕೊಂಡ ಬಿಸಿ ಬೆಳಗಿನ ಜಾವದವರೆಗೂ ಅಲ್ಲಾಡುತ್ತಿರಲಿಲ್ಲ.

ಆ ಮನೆಗೆ ಎ.ಸಿ. ಇರಲಿಲ್ಲ. ಹಾಕಿಸಿಕೊಳ್ಳುವ ಶಕ್ತಿ ಇರಲಿಲ್ಲವೆಂದಲ್ಲ.

"ಎ.ಸಿ. ಅಂದ್ರೆ ಬ್ರೂಟ್ ಫೋರ್ಸು, ಅಕ್ಕಾ. ಅದು ಎಂಜಿನಿಯರಿಂಗ್ ಅಲ್ಲ," ಎಂದಿದ್ದ ಅನಂತಪದ್ಮನಾಭ.

ಎಂಜಿನಿಯರಿಂಗ್ ಯಾವುದೆಂದರೆ ಹೋಲ್ ಹೌಸ್ ಫ್ಯಾನು, ಇಡೀ ಮನೆಗೆ ಒಂದೇ ಫ್ಯಾನು. ಕೋಣೆಗಳ ನಡುವಿನ ಓಣಿಯಂಥ ಜಾಗದ ಸೀಲಿಂಗಿಗೆ ದೊಡ್ಡ ತೂತು ಕೊರೆದು ಅಟ್ಟದಲ್ಲಿ ಅದನ್ನು ಕೂರಿಸುತ್ತಾರೆ. ಸಂಜೆ ಹೊರಗೆ ತಂಪಾದ ಮೇಲೆ ಕಿಟಕಿಗಳನ್ನು ತೆರೆದು ಸ್ವಿಚ್ಚು ಒತ್ತಿದರೆ, ತೆರೆದ ಕಿಟಕಿಗಳಿಂದ ತಣ್ಣನೆಯ ಗಾಳಿಯನ್ನು ಒಳಗೆಳೆದುಕೊಂಡು, ಮನೆಯ ಬಿಸಿಯನ್ನೆಲ್ಲ ಅಟ್ಟಕ್ಕೆ ನೂಕಿ ಅಲ್ಲಿಂದ ಹೊರಕ್ಕೆ ಕಳಿಸುತ್ತದೆ. ನನಗೆ ಇದು ಒಂದೇ ಸಲಕ್ಕೆ ಅರ್ಥವಾಯಿತು. ಅನಂತಪದ್ಮನಾಭನಿಗೆ ಅರ್ಥವಾಗಲು ಲೈಬ್ರರಿಯ ಮ್ಯಾಗಜಿನ್ನುಗಳು, ಆಫೀಸಿನ ಝೆರಾಕ್ಸು ಮೆಷೀನು, ಗ್ರಾಫ್ ಕಾಗದ ಎಲ್ಲವೂ ಬೇಕಾದವು. ಮನೆಯ ಒಳಗಿನ ಗಾಳಿ ಎಷ್ಟು ಘನ ಅಡಿ ಎಂದು ಲೆಕ್ಕ ಹಾಕಿದ. ಆಮೇಲೆ ಬೀರು, ಮಂಚ, ಸೋಫಾ ಇರುವ ಜಾಗದಲ್ಲಿ ಗಾಳಿ ಇರುವುದಿಲ್ಲವಲ್ಲ ಎಂದು ಹೊಳೆದು ಅವನ್ನೆಲ್ಲ ಅಳೆದು ಕಳೆದ. ಪುಣ್ಯಕ್ಕೆ ಬಸುರಿ ಹೆಂಡತಿಯನ್ನು ಅಳೆಯಲಿಲ್ಲ. ಮುಖದೆದುರು ನಾನು ಅವನನ್ನು ನೀವು ತಾವು ಎಂದೇ ಮಾತಾಡಿಸುತ್ತಿದ್ದೆ, ಮನೆಯ ಅಳಿಯ ನೋಡಿ. ಮನಸ್ಸಿನೊಳಗೆ ಆ ಕಾಟ ಇಟ್ಟುಕೊಂಡಿರಲಿಲ್ಲ.

ಹೀಗೆ ಅಳೆದೂ ಸುರಿದೂ ವಸಂತ ಕಳೆಯಿತು, ಹೆರಿಗೆಯೂ ಆಯಿತು. ಹೆಣ್ಣು ಮಗು. ಅಂಬಾಬಾಯಿ ಬಾಣಂತಿ ಕೋಣೆಯ ಆಡಳಿತ ವಹಿಸಿಕೊಂಡರು. ಕಿಟಕಿ ಭದ್ರ. ಅದರ ಮೇಲೆ ಪರದೆ, ಪರದೆಯ ಅಂಚುಗಳಿಗೆ ಸೇಫ್ಟಿ ಪಿನ್ನು. ಬಾಗಿಲ ಕೆಳಗಿನ ಸಂದಿಗೆ ಮಡಿಸಿದ ಟವೆಲು. ಮೈಥಿಲಿಯ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕಾಲಿಗೆ ಉಣ್ಣೆಯ ಕಾಲುಚೀಲ. ಹೊರಗೆ ರಸ್ತೆಯ ಡಾಂಬರು ಮೆತ್ತಗಾಗುತ್ತಿದ್ದರೆ ಒಳಗೆ ಇವಳಿಗೆ ಕುದಿಯುವ ಮೆಣಸಿನ ಸಾರು. ಟೇಬಲ್ ಫ್ಯಾನು ಕೂಡದು, ನೇರ ಗಾಳಿ. ಪುಸ್ತಕ ಕೂಡದು, ಹಸಿ ಬಾಣಂತಿಯ ಕಣ್ಣು ಹೋಗುತ್ತದೆ. ಮೊದಲ ದಿನ ಸಾಂಬ್ರಾಣಿ ಹೊಗೆ ಹಾಕಿದಾಗ ಸ್ಮೋಕ್ ಅಲಾರಂ ಕಿರುಚಿ ಬೀದಿಗೆಲ್ಲ ಕೇಳಿಸಿತ್ತು. ಅದೊಂದು ಶಾಸ್ತ್ರ ಮಾತ್ರ ಆ ದೇಶದಲ್ಲಿ ಬಿಟ್ಟುಹೋಯಿತು.

ಒಂದು ಶನಿವಾರ ನಾನು ಹೋದಾಗ ಮಗುವಿನ ಕತ್ತಿನ ಸುತ್ತ ಬೆವರುಸಾಲೆ ಕೆಂಪಗೆ ಎದ್ದಿತ್ತು. ಅದು ಅತ್ತು ಅತ್ತು ಹಾಲು ಕುಡಿಯಲೂ ಆಗದೆ ಸುಸ್ತಾಗಿತ್ತು. ಮೈಥಿಲಿಯ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ನಿದ್ದೆಯಿಲ್ಲದೆ ಹಾಲು ಕಡಿಮೆಯಾಗುತ್ತಿದೆ, ಕೋಣೆಗೆ ಗಾಳಿ ಆಡಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ಅಕ್ಕಾ, ನಂಗೆ ಇನ್ನೇನೂ ಬೇಡ," ಎಂದಳು. "ಕಿಟಕಿ ತೆಗೆದು ಒಂದು ಸಲ ಮಲಗಬೇಕು. ಅಷ್ಟೇ."

"ನಿನ್ನ ಗಂಡಂಗೆ ಹೇಳಿದ್ಯಾ?"

"ಹೇಳ್ದೆ. ಫ್ಯಾನು ಬರ್ಲಿ, ಎಲ್ಲಾ ಸರಿಹೋಗತ್ತೆ, ಅಮ್ಮನ್ನ ಯಾಕೆ ಎದುರು ಹಾಕ್ಕೋಬೇಕು ಅಂದ್ರು."

"ನಮ್ಮನೆಗೆ ಬಂದ್ಬಿಡು ಹಾಗಾದ್ರೆ. ಈಗಲೇ ಹೊರಡು."

"ಬೇಡ ಅಕ್ಕಾ. ಅವ್ರಿಗೆ ಬೇಜಾರಾಗತ್ತೆ."

ಅವಳ ಮೇಲೂ ನನಗೆ ರೇಗಿತು. ಫಿಸಿಕ್ಸಿನಲ್ಲಿ ಬಿ.ಎಸ್ಸಿ. ಮಾಡಿದವಳು, ಕಾಲೇಜಿನಲ್ಲಿ ಡಿಬೇಟಿಗೆ ನಿಂತರೆ ಎದುರಿನವರ ಬಾಯಿ ಕಟ್ಟಿಹಾಕುತ್ತಿದ್ದವಳು, ಉಣ್ಣೆಯ ಕಾಲುಚೀಲ ಹಾಕಿಕೊಂಡು ಕೂತು ಎಲ್ಲರ ಬೇಜಾರಿನ ಲೆಕ್ಕ ಇಡುತ್ತಿದ್ದಳು. ತನ್ನ ಬೇಜಾರಿಗೆ ಮಾತ್ರ ಆ ಲೆಕ್ಕದಲ್ಲಿ ಜಾಗವಿರಲಿಲ್ಲ.

ಹೊರಗೆ ಊಟದ ಮೇಜಿನ ಸುತ್ತ ಅವತ್ತೇ ಫ್ಯಾನಿನ ಅಂತಿಮ ಮೀಟಿಂಗು. ಅದಕ್ಕೆ ರಘೋತ್ತಮ ಬಂದಿದ್ದರು. ನಮ್ಮ ಕನ್ನಡದವರಲ್ಲಿ ಆಗ ಒಂದು ಪದ್ಧತಿಯಿತ್ತು: ರಘೋತ್ತಮರನ್ನು ಕೇಳದೆ ಯಾರೂ ಏನೂ ಕೊಳ್ಳುವಂತಿರಲಿಲ್ಲ. ಕಾರು, ಹಾಸಿಗೆ, ಮಿಕ್ಸಿ, ಎಲ್ಲಕ್ಕೂ ಅವರ ಅಪ್ಪಣೆಯಾಗಬೇಕು. ಲೋಕದ ವಸ್ತುಗಳನ್ನೆಲ್ಲ ಅರೆದು ಕುಡಿದವರ ಹಾಗೆ ಮಾತಾಡುತ್ತಿದ್ದರು. ಅವರ ಮನೆ ಇದ್ದದ್ದು ಲಾಸ್ ಆಲ್ಟೋಸಿನ ಮರಗಳ ನೆರಳಿನಲ್ಲಿ. ಸೆಕೆಯೆಂದರೇನೆಂದು ಅವರ ಮೈಗೆ ಗೊತ್ತಿರಲಿಲ್ಲ, ಫ್ಯಾನು ಅವರ ಮನೆಯಲ್ಲಿರಲೂ ಇಲ್ಲ. ಆದರೂ ಬೆಲ್ಟಿನ ಫ್ಯಾನು ಒಳ್ಳೆಯದೋ, ಮೋಟಾರಿಗೆ ನೇರ ಕೂರಿಸಿದ್ದು ಒಳ್ಳೆಯದೋ ಎಂಬ ಬಗ್ಗೆ ಅವರು ಮಾತಾಡಿದ್ದನ್ನು ಬರೆದಿಟ್ಟಿದ್ದರೆ ಒಂದು ಪುರಾಣವಾಗುತ್ತಿತ್ತು.

ನಾನು ಮಜ್ಜಿಗೆ ತಂದಿಟ್ಟೆ. ಮೇಜಿನ ಮೇಲೆ ಮನೆಯ ನಕ್ಷೆ ಹರಡಿತ್ತು.

"ದೊಡ್ಡ ಬ್ಲೇಡು, ಬೆಲ್ಟ್ ಡ್ರೈವು. ನಿಧಾನಕ್ಕೆ ತಿರುಗತ್ತೆ, ಸದ್ದು ಕಡಿಮೆ," ಎಂದು ರಘೋತ್ತಮ ತೀರ್ಪು ಕೊಟ್ಟರು. "ಆದ್ರೆ ಒಂದು ಮಾತು ನೆನಪಿಟ್ಕೊಳ್ಳಿ ಅನಂತು. ಫ್ಯಾನು ಗಾಳೀನ ಹುಟ್ಟಿಸಲ್ಲ, ಎಳೆಯತ್ತೆ. ಎಲ್ಲಿ ಕಿಟಕಿ ತೆರೆದಿದೆಯೋ ಅಲ್ಲಿಂದ ಮಾತ್ರ ಗಾಳಿ ಬರತ್ತೆ. ಪ್ರತಿ ರೂಮಲ್ಲೂ ಒಂದು ಕಿಟಕಿ ತೆಗೀಬೇಕು."

"ಬಾಣಂತಿ ಕೋಣೇದು?" ಎಂದು ಕೇಳಿದೆ.

ಗಂಡಸರಿಬ್ಬರೂ ಮಜ್ಜಿಗೆ ಲೋಟ ನೋಡಿದರು. ಅಡುಗೆಮನೆಯಿಂದ ಅಂಬಾಬಾಯಿಯವರ ದನಿ ಬಂತು: "ಅದೊಂದು ಬ್ಯಾಡ. ಉಳದದ್ದು ಏನರೇ ಮಾಡ್ಕೋರಿ."

"ಅದೊಂದು ಬಿಟ್ಟು," ಎಂದ ಅನಂತಪದ್ಮನಾಭ. ರಬ್ಬರು ತೆಗೆದುಕೊಂಡು ನಕ್ಷೆಯಲ್ಲಿ ಆ ಕೋಣೆಗೆ ಹಾಕಿದ್ದ ಬಾಣದ ಗುರುತನ್ನು ಅಳಿಸಿದ. ಆಮೇಲೆ ಮುಖ ಅರಳಿಸಿ, "ಹಾಗಾದ್ರೆ ವಾಲ್ಯೂಮು ಕಡಿಮೆ ಆಯ್ತಲ್ಲ ಸಾರ್, ಇನ್ನೊಂದ್ಸಲ ಕ್ಯಾಲ್ಕ್ಯುಲೇಟ್ ಮಾಡ್ಬಹುದು," ಎಂದ. ಇಬ್ಬರೂ ಕ್ಯಾಲ್ಕ್ಯುಲೇಟರಿನ ಮೇಲೆ ಬಗ್ಗಿದರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಬೆಕ್ಕಾದರೂ ಆಡುವಾಗ ಇಲಿಯ ಕಡೆ ನೋಡುತ್ತದೆ.

ಆ ಫ್ಯಾನಿನ ಬ್ರೋಷರುಗಳು, ಮ್ಯಾನುಯಲ್ಲು ಎಲ್ಲ ಮೈಥಿಲಿಯ ಕೋಣೆಯಲ್ಲಿ ತೊಟ್ಟಿಲ ಪಕ್ಕದ ಮೇಜಿನ ಮೇಲೆ ಪೇರಿಸಿದ್ದವು. ಬೇರೆಡೆ ಜಾಗವಿಲ್ಲವಂತೆ. ಪುಸ್ತಕಗಳನ್ನೆಲ್ಲ ಅತ್ತೆ ಎತ್ತಿಟ್ಟಿದ್ದರಿಂದ ಅವಳು ಅವನ್ನೇ ಓದುತ್ತಿದ್ದಳು. ಇಂಗ್ಲಿಷು ಬಾರದ ಅಂಬಾಬಾಯಿ ಅದೇನೋ ಔಷಧಿಯ ಚೀಟಿ ಎಂದುಕೊಂಡು ಸುಮ್ಮನಿದ್ದರು.

ಕೊನೆಗೊಮ್ಮೆ ಫ್ಯಾನು ಬಂತು. ಕೂರಿಸಲು ಬಂದವನು, ನೀರು ಕಾಯಿಸುವ ಗ್ಯಾಸ್ ಹೀಟರು ಮನೆಯೊಳಗಿದೆಯೋ ಗರಾಜಿನಲ್ಲಿದೆಯೋ ಎಂದು ಕೇಳಿ, ಗರಾಜಿನಲ್ಲಿ ಎಂದ ಮೇಲೆಯೇ ಗರಗಸ ಎತ್ತಿದನಂತೆ. ಒಳಗಿದ್ದರೆ ಅದರ ಹೊಗೆಯನ್ನೂ ಫ್ಯಾನು ಎಳೆದುಕೊಳ್ಳುತ್ತದೆ. ಇಷ್ಟೆಲ್ಲ ಅಳೆದವನಿಗೆ ಅದೊಂದು ಹೊಳೆದಿರಲಿಲ್ಲ.

ಮುಂದಿನ ಶನಿವಾರ ನಾನು ಹೋದಾಗ ಅನಂತಪದ್ಮನಾಭ ಬಾಗಿಲಲ್ಲೇ ಹಿಡಿದುಕೊಂಡ.

"ಅಕ್ಕಾ, ಮನೆ ಆವರೇಜ್ ಟೆಂಪರೇಚರು ಹೇಗೆ ಇಳಿದಿದೆ ಗೊತ್ತಾ? ರಾತ್ರಿ ನಂಗೆ ಬ್ಲಾಂಕೆಟ್ ಬೇಕಾಯ್ತು."

ಅವನು ಮಲಗುತ್ತಿದ್ದದ್ದು ಹಾಲಿನ ಸೋಫಾ ಮೇಲೆ, ಕಿಟಕಿಯ ಕೆಳಗೆ. ನಾನು ಬಾಣಂತಿ ಕೋಣೆಯ ಬಾಗಿಲು ತೆಗೆದೆ. ಒಳಗಿನ ಬಿಸಿ ಮುಖಕ್ಕೆ ಹೊಡೆಯಿತು. ಕಿಟಕಿ ಭದ್ರ, ಟವೆಲು ಭದ್ರ. ಮೈಥಿಲಿ ಗೋಡೆಗೊರಗಿ ಕೂತು ಮಗುವಿಗೆ ಮ್ಯಾನುಯಲ್ಲಿನಿಂದ ಗಾಳಿ ಬೀಸುತ್ತಿದ್ದಳು. ನನ್ನನ್ನು ನೋಡಿ ಅಳಲಿಲ್ಲ, ದೂರು ಹೇಳಲಿಲ್ಲ.

"ಅಕ್ಕಾ, ಇವತ್ತು ಸಂಜೆ ಎಷ್ಟು ಜನ ಬರ್ತಾರೆ?" ಎಂದಷ್ಟೇ ಕೇಳಿದಳು.

ಆಗಲೇ ಓಡತೊಡಗಿದ್ದ ಫ್ಯಾನಿಗೆ ಸಂಜೆ ಶಾಸ್ತ್ರೋಕ್ತ ಉದ್ಘಾಟನೆಯಿತ್ತು. ನಗಬೇಡಿ. ನಮ್ಮವರು ಹೊಸ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡುವವರು, ಫ್ಯಾನನ್ನು ಬಿಡುತ್ತಾರೆಯೇ? ರಘೋತ್ತಮ ಬಿಳಿ ಜುಬ್ಬ ಹಾಕಿಕೊಂಡು ಹೆಂಡತಿ ಸೌದಾಮಿನಿಯೊಡನೆ ಬಂದರು. ಫ್ಯಾನು ಕೊಳ್ಳುವ ಯೋಚನೆಯಲ್ಲಿದ್ದ ಇನ್ನೂ ಒಂದೆರಡು ಸಂಸಾರ ಬಂದಿದ್ದವು. ಅಂಬಾಬಾಯಿ ಸ್ವಿಚ್ಚಿಗೆ ಅರಿಶಿನ ಕುಂಕುಮ ಹಚ್ಚಿ ಮಂಗಳಾರತಿ ಎತ್ತಿ, ಗಿರಮಿಟ್ಟು ಕಲಸಲು ಅಡುಗೆಮನೆಗೆ ಹೋದರು. ಅನಂತಪದ್ಮನಾಭ ಒಂದೊಂದೇ ಕಿಟಕಿ ತೆರೆದು ಸ್ವಿಚ್ಚು ಒತ್ತಿದ. ಗುಂಯ್ ಎಂದು ಸದ್ದೆದ್ದಿತು, ಪರದೆಗಳು ಒಳಕ್ಕೆ ಉಬ್ಬಿದವು, ತಣ್ಣನೆಯ ಗಾಳಿ ಎಲ್ಲರ ಮುಖ ಸವರಿತು. ಎಲ್ಲರೂ ಆಹಾ ಎಂದರು. ರಘೋತ್ತಮರು ತಾವೇ ಗಾಳಿಯನ್ನು ಕಂಡುಹಿಡಿದವರ ಹಾಗೆ ತಲೆದೂಗಿದರು.

ಆಗ ಬಾಣಂತಿ ಕೋಣೆಯ ಬಾಗಿಲು ತೆರೆಯಿತು. ಮಗುವನ್ನು ತೊಟ್ಟಿಲಲ್ಲಿ ಬಿಟ್ಟು ಮೈಥಿಲಿ ಒಬ್ಬಳೇ ಹೊರಗೆ ಬಂದಳು. ತಲೆಗೆ ಸ್ಕಾರ್ಫು, ಕಿವಿಯಲ್ಲಿ ಹತ್ತಿ. ಹಾಲಿನ ನಡುವೆ ಬಂದು ಎಲ್ಲರಿಗೂ ನಮಸ್ಕಾರ ಎಂದಳು. ಬಾಗಿಲನ್ನು ಹಿಂದೆ ಅರೆ ತೆರೆದೇ ಬಿಟ್ಟಿದ್ದಳು.

"ಅಯ್ಯೋ, ಬಾಣಂತಿ," ಎಂದು ಸೌದಾಮಿನಿ ಎದ್ದೇಬಿಟ್ಟರು. "ಹಸೀ ಮೈ. ಗಾಳಿಗೆ ಯಾಕಮ್ಮಾ ಬಂದೆ?"

"ಎಲ್ರೂ ಬಂದಿದೀರಿ, ಮಾತಾಡಿಸದೆ ಹೇಗಿರೋದು?" ಎಂದು ಮೈಥಿಲಿ ಸೋಫಾದ ತುದಿಯಲ್ಲಿ ಕೂತು ಸಣ್ಣಗೆ ಕೆಮ್ಮಿದಳು.

ಅಷ್ಟೇ ಸಾಕಾಯಿತು. ಸೌದಾಮಿನಿ ಗಂಡನ ಕಡೆ ತಿರುಗಿ, "ನೋಡ್ತಾ ಕೂತಿದೀರಲ್ರೀ, ಕಿಟಕಿ ಮುಚ್ಚಿ," ಎಂದರು. ಬಾಣಂತಿಯ ಹೆಸರು ಬಂದ ಮೇಲೆ ಎದುರು ಹೇಳುವ ಗಂಡಸು ನಮ್ಮವರಲ್ಲಿ ಹುಟ್ಟಿಲ್ಲ. ರಘೋತ್ತಮರೇ ಎದ್ದು ಹಾಲಿನ ದೊಡ್ಡ ಕಿಟಕಿ ಮುಚ್ಚಿದರು. ಇನ್ನೊಬ್ಬರು ಪ್ಯಾಟಿಯೋ ಬಾಗಿಲು ಎಳೆದರು. ಸೌದಾಮಿನಿ ಅಡುಗೆಮನೆಯ ಕಿಟಕಿ, ಬಚ್ಚಲ ಕಿಟಕಿ, ಹಿಂದಿನ ಕೋಣೆಯ ಕಿಟಕಿ ಎಲ್ಲವನ್ನೂ ತಾವೇ ಹುಡುಕಿಕೊಂಡು ಹೋಗಿ ಮುಚ್ಚಿ ಬಂದರು. ಅನಂತಪದ್ಮನಾಭ ಮಾತ್ರ, "ಅಲ್ಲ, ಫ್ಯಾನು ಓಡ್ತಿದೆ, ಹಾಗೆಲ್ಲ ಮುಚ್ಚಬಾರ್ದು," ಎಂದು ಗೊಣಗುತ್ತ ನಿಂತಿದ್ದ. ಅವನ ಮಾತನ್ನು ಯಾರೂ ಕೇಳಲಿಲ್ಲ.

"ಸುಸ್ತಾಯ್ತು, ಮಲಗ್ತೀನಿ," ಎಂದು ಮೈಥಿಲಿ ಎದ್ದಳು. ಏಳುವಾಗ ನನ್ನ ಕಡೆ ನೋಡಿದಳು. ನಾನು ಅವಳ ಹಿಂದೆಯೇ ಹೋದೆ.

ಕೋಣೆಗೆ ಹೋದವಳೇ ಟವೆಲನ್ನು ಕಾಲಲ್ಲಿ ಒದ್ದಳು. ಬಾಗಿಲನ್ನು ಪೂರ್ತಿ ತೆರೆದು ಅದಕ್ಕೆ ಕುರ್ಚಿ ಅಡ್ಡ ಇಟ್ಟಳು. ಒಂದೊಂದೇ ಪಿನ್ನು ಬಿಚ್ಚಿ ಪರದೆ ಸರಿಸುತ್ತಿರುವಷ್ಟರಲ್ಲಿ ಹಾಲಿನಲ್ಲಿ ಕೂಗಾಟ ಕೇಳಿತು. ಎಲ್ಲ ಕಡೆ ಮುಚ್ಚಿದ್ದರಿಂದ ಉಸಿರು ಕಟ್ಟಿದ ಫ್ಯಾನು ಗಾಳಿಯನ್ನು ಬೆಂಕಿಗೂಡಿನ ಚಿಮಣಿಯಿಂದಲೇ ಎಳೆದುಕೊಂಡಿತ್ತು. ಹೋದ ಚಳಿಗಾಲದ ಬೂದಿಯೆಲ್ಲ ಬಂದು ರಘೋತ್ತಮರ ಬಿಳಿ ಜುಬ್ಬದ ಮೇಲೆ ಕೂತಿತ್ತು.

ಮೈಥಿಲಿ ಕಿಟಕಿಯನ್ನು ಪೂರ್ತಿ ಎತ್ತಿದಳು.

ಇಡೀ ಮನೆಗೆಂದು ಅಳೆದು ತಂದ ಆ ಫ್ಯಾನು ಇಡೀ ಮನೆಯ ಗಾಳಿಯನ್ನು ಆ ಒಂದೇ ಕಿಟಕಿಯಿಂದ ಎಳೆಯತೊಡಗಿತು. ಪರದೆ ಹಾರಿ ಮಂಚದ ಮೇಲೆ ಬಿತ್ತು. ಪೇರಿಸಿಟ್ಟಿದ್ದ ಬ್ರೋಷರುಗಳು ಬಾಗಿಲಾಚೆ ಹಾರಿಹೋದವು. ಅವಳು ಸ್ಕಾರ್ಫು ಬಿಚ್ಚಿ, ಹತ್ತಿ ಕಿತ್ತು, ಕಾಲುಚೀಲ ಕಳಚಿ ಬಿಸಾಡಿ, ತೊಟ್ಟಿಲ ಪಕ್ಕದ ಮಂಚದ ಮೇಲೆ ಉದ್ದಕ್ಕೆ ಮಲಗಿ ಕಣ್ಣು ಮುಚ್ಚಿದಳು. ನನಗೆ ಎಷ್ಟು ಖುಷಿಯಾಯಿತೆಂದರೆ, ಚಪ್ಪಾಳೆ ಹೊಡೆದರೆ ಮಗು ಏಳುತ್ತದಲ್ಲ ಎಂದು ತಡೆದುಕೊಂಡೆ.

ಹಾಲಿನಲ್ಲಿ ಸೆಕೆ ಏರುತ್ತಿತ್ತು, ಬಾಣಂತಿಗೆ ಗಾಳಿಯಾಗುತ್ತದೆಂದು ಸೌದಾಮಿನಿ ಯಾರಿಗೂ ಕಿಟಕಿ ಮುಟ್ಟಗೊಡುತ್ತಿರಲಿಲ್ಲ. ಪಂಡಿತರು ಚರ್ಚೆಗಿಳಿದಿದ್ದರು. ಅಟ್ಟದ ಜಾಲರಿಗಳು ಸಣ್ಣದಾಗಿರಬೇಕೆಂದು ಒಬ್ಬರು, ಬೆಲ್ಟು ಸಡಿಲವಾಗಿರಬೇಕೆಂದು ರಘೋತ್ತಮರು. ಗಾಳಿ ಎಲ್ಲಿ ಹೋಯಿತೆಂದು ಎದ್ದು ನೋಡುವ ಬುದ್ಧಿ ಒಬ್ಬರಿಗೂ ಬರಲಿಲ್ಲ. ಬಂದದ್ದು ಅಂಬಾಬಾಯಿಯವರಿಗೆ. ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಬೆವೆತು ಹೋಗಿದ್ದ ಅವರು ತಂಪಿನ ಜಾಡು ಹಿಡಿದು ಬಂದು ಬಾಗಿಲಲ್ಲಿ ನಿಂತರು.

"ಏನ್ ಮಾಡೀಯವಾ ಇದು?" ಎಂದರು. "ಸನ್ನಿ ಹಿಡೀತದ. ನಮ್ಮಕ್ಕ ಹಿಂಗ ಹೋದಾಕಿ, ನಾ ಕಣ್ಣಾರೆ ನೋಡೀನಿ. ಮುಚ್ಚು ಮೊದಲ."

ಮೈಥಿಲಿ ಎದ್ದು ಕೂತಳು. "ಮುಚ್ಚಿ ಅತ್ತೆ. ನಾನು ಮಗೂನ ಎತ್ಕೊಂಡು ಹೊರಗೆ ಹುಲ್ಲಿನ ಮೇಲೆ ಮಲಗ್ತೀನಿ. ಅಲ್ಲಿ ಮುಚ್ಚೋಕೆ ಕಿಟಕಿ ಇಲ್ಲ."

ಅಂಬಾಬಾಯಿ ನನ್ನ ಮುಖ ನೋಡಿದರು.

"ಹೋಗ್ತಾಳೆ ಅಮ್ಮಾ," ಎಂದೆ. "ನಾನೇ ಚಾಪೆ ಹಾಸ್ತೀನಿ."

ಗಾಳಿ ಅಂಬಾಬಾಯಿಯವರ ಸೆರಗನ್ನು ಬಾಗಿಲಾಚೆ ಎಳೆಯುತ್ತಿತ್ತು. ಅವರು ಒಳಗೆ ಬಂದು ಮಗುವಿನ ಕುಂಚಿಗೆಯನ್ನು ಕಿವಿ ಮುಚ್ಚುವಂತೆ ಎಳೆದು ಕಟ್ಟಿದರು. ಕಿಟಕಿಗೂ ಮಂಚಕ್ಕೂ ನಡುವೆ ಸ್ಟೂಲು ಎಳೆದುಕೊಂಡು, ಕಿಟಕಿಗೆ ಬೆನ್ನು ಕೊಟ್ಟು ಕೂತರು.

"ಬರೂದಿದ್ರ ನನ್ನ ಬೆನ್ನಿಗೆ ಬರಲಿ," ಎಂದರು.

ಹಾಗೆ ಕೂತವರು ಸ್ವಲ್ಪ ಹೊತ್ತಿಗೆಲ್ಲ ಮಂಚದ ಅಂಚಿಗೆ ತಲೆಯಿಟ್ಟು ನಿದ್ದೆ ಹೋದರು. ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಾ. ಬಂದಾಗಿನಿಂದ ಆ ಮುಚ್ಚಿದ ಕೋಣೆಯ ನೆಲದ ಮೇಲೆ, ಸೊಸೆಯ ಮಂಚದ ಪಕ್ಕದಲ್ಲೇ ಅವರೂ ಮಲಗುತ್ತಿದ್ದರು. ಅವರ ಕತ್ತಿನ ಹಿಂದೆಯೂ ಬೆವರುಸಾಲೆ ಎದ್ದಿತ್ತು. ಅದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ, ಹೊಟ್ಟೆಯಲ್ಲಿ ಹುಟ್ಟಿದ ಮಗನಂತೂ ನೋಡಿರಲೇ ಇಲ್ಲ. ಆ ಹೆಂಗಸಿನ ಹಟಕ್ಕೆ ಬೈಯಲೆಂದು ಕೂಡಿಟ್ಟುಕೊಂಡಿದ್ದ ಮಾತುಗಳನ್ನು ನಾನು ಅವರ ಮಗನ ಪಾಲಿಗೆ ಸೇರಿಸಿದೆ.

ಅಷ್ಟರಲ್ಲಿ ಅವನೇ ಬಂದ. ಕೈಯಲ್ಲಿ ಥರ್ಮಾಮೀಟರು, ಹಣೆಯ ಮೇಲೆ ಬೆವರು. ತೆರೆದ ಕಿಟಕಿ ನೋಡಿದ, ನಿದ್ದೆ ಹೋದ ತಾಯಿಯನ್ನು ನೋಡಿದ, ಮಲಗಿದ್ದ ಹೆಂಡತಿಯನ್ನೂ ಮಗುವನ್ನೂ ನೋಡಿದ. ಮಗು ನಿದ್ದೆಯಲ್ಲಿ ಕೈ ಚಾಚಿಕೊಂಡಿತ್ತು.

"ಅಮ್ಮಂಗೆ ಗಾಳಿ ಆಗತ್ತಲ್ಲ," ಎಂದು ಪಿಸುಗುಟ್ಟಿದ. "ಹಾಲಲ್ಲಿ ಎಲ್ರೂ ಬೆವರ್ತಿದಾರೆ. ಇದೊಂದು ಮುಚ್ಚಿ ಆ ಕಡೇದು ತೆಗೀಲಾ?"

ಮೈಥಿಲಿ ಕಣ್ಣು ತೆರೆಯಲಿಲ್ಲ.

"ಕಿಟಕಿ ಮುಟ್ಟಿ ನೋಡಿ," ಎಂದಳು.

ಅವನು ಕಿಟಕಿಯ ಕಡೆ ಒಂದು ಹೆಜ್ಜೆ ಇಟ್ಟವನು ಹಾಗೇ ನಿಂತ. ಆಮೇಲೆ ಬಾಗಿಲಲ್ಲಿ ಬಿದ್ದಿದ್ದ ಬ್ರೋಷರುಗಳನ್ನು ಒಂದೊಂದಾಗಿ ಆರಿಸಿಕೊಂಡು ಹಾಲಿಗೆ ಹೋದ.